ತೂಕಕ್ಕೆ ಸಿಗುವ ನೂಲು, ದಾಖಲೆಗೆ ಸಿಗದ ಕೈ: ಶಿಡ್ಲಘಟ್ಟ ಸೀಮೆಯ ಕೆಲಸನಷ್ಟ ಮತ್ತು ಮರುಕಲಿಕೆ

2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿಗಳು ಮುಚ್ಚಿದವು. ಅದಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, 2011ರ ಫೆಬ್ರವರಿ 28ರಂದು, ದೆಹಲಿಯಲ್ಲಿ ಮಂಡನೆಯಾದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ತಾರೀಖು ಕೂಡಿಬಂದದ್ದು ಕಾಕತಾಳೀಯ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಬೇರೆ ಕಾರಣವಿದೆ. ಗಣಿ ಮುಚ್ಚಿದಾಗ ಶಿಡ್ಲಘಟ್ಟವೂ ಕೆಜಿಎಫ್ ಇದ್ದ ಕೋಲಾರ ಜಿಲ್ಲೆಯಲ್ಲೇ ಇತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಕೆಜಿಎಫ್‌ನಲ್ಲಿ ಕೆಲಸ ಹೋದವರ ಪಟ್ಟಿ ಇತ್ತು, ಅವರ ಸೇವಾ ವರ್ಷಗಳ ಲೆಕ್ಕವಿತ್ತು, ಸಂಘಗಳಿದ್ದವು, ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿತು. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಚರಕದ ಮುಂದೆ ಕೂತವರಿಗೆ ಇದಾವುದೂ ಇರಲಿಲ್ಲ. ಯಾರ ಕೈಗೂ ನೋಟಿಸು ಬರಲಿಲ್ಲ, ಯಾವ ಗೇಟಿಗೂ ಬೀಗ ಬೀಳಲಿಲ್ಲ. ಸುಂಕ ಇಳಿದ ಮೇಲೆ, ವಾರಕ್ಕೆ ಆರು ದಿನ ಉರಿಯುತ್ತಿದ್ದ ಒಲೆ ನಾಲ್ಕು ದಿನ ಉರಿಯಿತು, ಆಮೇಲೆ ಎರಡು ದಿನ, ಆಮೇಲೆ ಮಾಲೀಕನೇ ಬೇರೆ ವ್ಯಾಪಾರ ಹಿಡಿದ.

ಕೆಲಸನಷ್ಟದ ಬಗೆಗಿನ ನಮ್ಮ ಕಾನೂನು ಮತ್ತು ಯೋಜನೆಗಳೆಲ್ಲ ಕೆಜಿಎಫ್ ಮಾದರಿಯ ನಷ್ಟವನ್ನು, ಎಂದರೆ ತಾರೀಖು ಇರುವ ನಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕೌಶಲ ತರಬೇತಿಯ ಯೋಜನೆಗಳಲ್ಲಿ ಇನ್ನೊಂದು ಗ್ರಹಿಕೆ ಸೇರಿಕೊಂಡಿದೆ: ಕೆಲಸ ಇಲ್ಲದವನಿಗೆ ಕೌಶಲವೂ ಇಲ್ಲ, ಆದ್ದರಿಂದ ಅವನಿಗೆ ಕಲಿಸಬೇಕು ಎಂಬುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸಂದರ್ಭದಲ್ಲಿ ಈ ಎರಡೂ ಗ್ರಹಿಕೆಗಳು ಹೊಂದುವುದಿಲ್ಲ. ಇಲ್ಲಿ ಕೌಶಲ ಇದೆ, ದಾಖಲೆ ಇಲ್ಲ. ನಷ್ಟ ಇದೆ, ತಾರೀಖು ಇಲ್ಲ. ಈ ಲೇಖನದ ವಾದ ಇಷ್ಟೆ. ಇದಕ್ಕೆ ಆಧಾರವಾಗಿ ಬಳಸಿರುವುದು ಕಾಯ್ದೆಗಳ ಪಠ್ಯ, ಯೋಜನೆಗಳ ಅರ್ಹತಾ ನಿಯಮಗಳು ಮತ್ತು ನೂಲು ಬಿಚ್ಚಾಣಿಕೆ ಎಂಬ ಕೆಲಸದ ಒಳವಿವರ. ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವವರು ಕಡಿಮೆ. ಕಾನೂನು ಓದುವವರು ಗೂಡು ಬೇಯುವ ಬಾಣಲೆಯ ಹತ್ತಿರ ಹೋಗುವುದಿಲ್ಲ, ಬಾಣಲೆಯ ಹತ್ತಿರ ಇರುವವರಿಗೆ ಕಾನೂನು ಓದಲು ಪುರಸೊತ್ತಿಲ್ಲ.

ಕೈ ಏನು ಬಲ್ಲದು

ಮೊದಲು ಆ ಕೆಲಸವನ್ನೇ ನೋಡಬೇಕು. ಕೌಶಲ ಎಂಬ ಮಾತನ್ನು ಅಮೂರ್ತವಾಗಿ ಆಡುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ.

ರೈತ ತಂದ ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ರೀಲರ್, ಎಂದರೆ ಬಿಚ್ಚಾಣಿಕೆಯ ಮಾಲೀಕ, ಲಾಟಿನೊಳಗೆ ಕೈಯಿಟ್ಟು ಗೂಡಿನ ಗಟ್ಟಿತನ ನೋಡುತ್ತಾನೆ, ಒಂದನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ಕೋಶ ಸರಿಯಾಗಿ ಬಲಿತಿದೆಯೇ ಎಂದು ಕೇಳಿಸಿಕೊಳ್ಳುತ್ತಾನೆ, ಜೋಡಿಗೂಡು ಎಷ್ಟಿವೆ, ಕಲೆ ಬಿದ್ದವು ಎಷ್ಟಿವೆ ಎಂದು ಅಂದಾಜು ಮಾಡುತ್ತಾನೆ. ಇ-ಹರಾಜು ಬಂದ ಮೇಲೆ ಬಿಡ್ಡು ಮೊಬೈಲಿಗೆ ಹೋಯಿತು, ಕಿವಿ ಮಾತ್ರ ಹಳೆಯದೇ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬುದರ ಮೇಲೆ ಅವನ ಲಾಭ ನಿಂತಿದೆ. ಮಿಶ್ರತಳಿ ಗೂಡಾದರೆ ಏಳೆಂಟು ಕಿಲೋ, ಒಳ್ಳೆಯ ದ್ವಿತಳಿಯಾದರೆ ಆರು, ಆರೂವರೆ. ಅರ್ಧ ಕಿಲೋ ಹೆಚ್ಚಾದರೆ ಆ ದಿನದ ದುಡಿಮೆ ನೀರುಪಾಲು.

ಇದು ಮಾಲೀಕನ ಕೌಶಲ. ಇವನಿಗೆ ಒಂದು ಕಾಗದವಿದೆ. 1959ರ ರೇಷ್ಮೆಹುಳುವಿನ ಬಿತ್ತನೆ, ಗೂಡು ಮತ್ತು ನೂಲಿನ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ರೀಲರ್ ಮಾತ್ರ ಮಾರುಕಟ್ಟೆಯಲ್ಲಿ ಗೂಡು ಕೊಳ್ಳಬಲ್ಲ. ಸರ್ಕಾರದ ಕಣ್ಣಿಗೆ ಈ ಉದ್ಯಮ ಎಂದರೆ ಆ ಪರವಾನಗಿಗಳ ಸಂಖ್ಯೆ.

ಇನ್ನು ಒಲೆಯ ಮುಂದೆ ಕೂತವರ ಕೌಶಲ. ಉಗಿ ಹಾಯಿಸಿ ಒಳಗಿನ ಹುಳುವನ್ನು ಕೊಂದ ಗೂಡನ್ನು ಕುದಿನೀರಿಗೆ ಹಾಕುತ್ತಾರೆ. ಗೂಡನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಗೋಂದು ಕರಗಬೇಕು, ಆದರೆ ಪೂರಾ ಕರಗಬಾರದು. ಕಡಿಮೆ ಬೆಂದರೆ ಎಳೆ ಬರದು, ಹೆಚ್ಚು ಬೆಂದರೆ ಎಳೆ ಒಟ್ಟೊಟ್ಟಾಗಿ ಕಿತ್ತು ಬರುತ್ತದೆ. ನೀರಿನ ಬಣ್ಣ ನೋಡಿ, ಗೂಡು ತೇಲುವ ರೀತಿ ನೋಡಿ ಇದನ್ನು ತಿಳಿಯಬೇಕು. ಆಮೇಲೆ ತುದಿ ಹುಡುಕಿ, ಆರೆಂಟು ಗೂಡಿನ ಎಳೆಗಳನ್ನು ಸೇರಿಸಿ ಒಂದು ನೂಲಾಗಿ ಎಳೆಯುತ್ತಾರೆ. ಗೂಡಿನ ಎಳೆ ಉದ್ದಕ್ಕೂ ಒಂದೇ ದಪ್ಪವಿರುವುದಿಲ್ಲ, ಕೊನೆಕೊನೆಗೆ ಸಣ್ಣಗಾಗುತ್ತದೆ. ಆದ್ದರಿಂದ ಎಷ್ಟು ಗೂಡು ಎಂದು ಎಣಿಸಿದರೆ ಸಾಲದು. ಯಾವ ಗೂಡು ಎಷ್ಟು ಬಿಚ್ಚಿಯಾಗಿದೆ ಎಂದು ನೋಡುತ್ತ, ನೂಲು ತೆಳ್ಳಗಾಗುವ ಮೊದಲೇ ಹೊಸ ಗೂಡಿನ ತುದಿ ಕೊಡಬೇಕು. ಬೆರಳು ಬಿಸಿನೀರಿನಲ್ಲಿ, ಕಣ್ಣು ನೂಲಿನ ಮೇಲೆ, ಕೈಗೆ ಅಳತೆಗೋಲಿಲ್ಲ. ನೂಲಿನ ದಪ್ಪದ ಅಳತೆ ಡೆನಿಯರ್; ಸಾಮಾನ್ಯ ಗುರಿ 20ರಿಂದ 22 ಡೆನಿಯರ್.

ಹಳೆಯ ಚರಕದಲ್ಲಿ ಒಬ್ಬರು ಎಳೆ ಕೊಡುವವರು, ಇನ್ನೊಬ್ಬರು ರಾಟೆ ತಿರುಗಿಸುವವರು. ಮೋಟಾರು ಬಂದಾಗ ಮೊದಲು ಕೆಲಸ ಹೋದದ್ದು ತಿರುಗಿಸುವವರದು. ಬಹುಪಾಲು ಅವರು ಮಕ್ಕಳಾಗಿದ್ದರು, ಆ ವಿಷಯಕ್ಕೆ ಮುಂದೆ ಬರುತ್ತೇನೆ. ಆಮೇಲೆ ಕಾಟೇಜ್ ಬೇಸಿನ್ ಬಂತು. ಬೇಯಿಸುವುದು ಬೇರೆ, ಬಿಚ್ಚುವುದು ಬೇರೆಯಾಯಿತು, ಒಬ್ಬರ ಮುಂದೆ ಆರು ಎಳೆ. ಮಲ್ಟಿ ಎಂಡ್ ಬೇಸಿನ್ ಬಂದಾಗ ಹತ್ತು ಎಳೆ. ಈ ಎರಡು ಹಂತಗಳಲ್ಲಿ ಕೌಶಲದ ತಿರುಳು ಉಳಿದುಕೊಂಡಿತು: ನೂಲಿನ ದಪ್ಪವನ್ನು ತೀರ್ಮಾನಿಸುವವರು ಮನುಷ್ಯರೇ. 200, 400 ಎಳೆಗಳ ಸ್ವಯಂಚಾಲಿತ ಯಂತ್ರ ಬಂದಾಗ ಹೋದದ್ದು ಅದೇ. ನೂಲು ತೆಳ್ಳಗಾದದ್ದನ್ನು ಯಂತ್ರವೇ ಅಳೆದು ಹೊಸ ಗೂಡಿನ ತುದಿಯನ್ನು ತಾನೇ ಕೊಡುತ್ತದೆ. ಮನುಷ್ಯರಿಗೆ ಉಳಿದದ್ದು ಗೂಡು ಆರಿಸುವುದು, ಬೇಯುವ ಹದ ನೋಡುವುದು, ಕಡಿದ ಎಳೆಗೆ ಗಂಟು ಹಾಕುವುದು.

ಯಂತ್ರದ ಮೇಲೆ ನನಗೆ ತಕರಾರಿಲ್ಲ. ಚರಕದ ಕೋಣೆಯ ಹಬೆ, ಸತ್ತ ಹುಳುವಿನ ನಾತ, ಬೆಂದು ಬಿಳಿಚಿದ ಬೆರಳುಗಳನ್ನು ಕಂಡವರಾರೂ ಅದು ಹಾಗೇ ಉಳಿಯಲಿ ಎನ್ನಲಾರರು. ದ್ವಿತಳಿ ಗೂಡಿನಿಂದ ಯಂತ್ರ ತೆಗೆಯುವ ನೂಲು ಮಗ್ಗದಲ್ಲಿ ಹಾಸಿಗೆ ಒದಗುವಂಥದು. ಚರಕದ ನೂಲು ಬಹುತೇಕ ಹೊಕ್ಕಿಗೇ ಸೀಮಿತ. ಚೀನಾದ ನೂಲಿಗೆ ಎದುರು ನಿಲ್ಲಬೇಕಾದರೆ ಬೇರೆ ದಾರಿಯೂ ಇಲ್ಲ. ನಾನು ಎತ್ತುತ್ತಿರುವ ಪ್ರಶ್ನೆ ಬೇರೆ. ಚರಕದಿಂದ ಎದ್ದವರ ಕೌಶಲದಲ್ಲಿ ಹೊಸ ಯಂತ್ರಕ್ಕೆ ಬೇಕಾದ ಭಾಗ ಎಷ್ಟು ಎಂದು ಯಾರಾದರೂ ಲೆಕ್ಕ ಹಾಕಿದರೇ? ಬೇಯಿಸುವ ಹದ ಬಲ್ಲವರು, ಗೂಡು ಆರಿಸಬಲ್ಲವರು, ಕಣ್ಣಿಗೆ ಕಾಣದಂತೆ ಗಂಟು ಹಾಕಬಲ್ಲವರು ಈ ಊರಿನ ಗಲ್ಲಿಗಲ್ಲಿಯಲ್ಲಿದ್ದಾರೆ. ಅವರಿಗೆ ಕಲಿಸಬೇಕಾದದ್ದು ಯಂತ್ರದ ನಿರ್ವಹಣೆ, ಹೊಸ ತಳಿಯ ಸ್ವಭಾವ. ಅಂದರೆ ಉಳಿದ ಎರಡು ಪಾಠ, ಪೂರ್ತಿ ಪುಸ್ತಕವಲ್ಲ.

ಕಾಗದ ಯಾರ ಹೆಸರಿನಲ್ಲಿ

ಕೆಲಸ ಹೋದವರಿಗೆ ನಮ್ಮ ಕಾನೂನು ಏನನ್ನೂ ಕೊಟ್ಟಿಲ್ಲ ಎನ್ನುವಂತಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಎಫ್ ವಿಧಿ, ಒಂದು ವರ್ಷ ಸತತ ದುಡಿದವರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಕೊಡಬೇಕೆಂದಿತ್ತು. ವರ್ಷದಲ್ಲಿ 240 ದಿನ ದುಡಿದಿದ್ದರೆ ಅದು ಸತತ ಸೇವೆ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರ 83ನೆಯ ವಿಧಿಯಲ್ಲಿ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ ಹೊಸದೊಂದು ಏರ್ಪಾಡಿದೆ: ಮರುಕೌಶಲ ನಿಧಿ. ತೆಗೆದುಹಾಕಿದ ಪ್ರತಿ ಕಾರ್ಮಿಕನಿಗಾಗಿ ಮಾಲೀಕ ಅವನ ಕೊನೆಯ 15 ದಿನದ ವೇತನದಷ್ಟು ಹಣವನ್ನು ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಜಮೆಯಾಗಬೇಕು. 15 ದಿನದ ವೇತನದಲ್ಲಿ ಯಾವ ಹೊಸ ಕಸುಬು ಕಲಿಯಬಹುದು ಎಂಬುದು ಬೇರೆ ಮಾತು. ಕೆಲಸನಷ್ಟಕ್ಕೂ ಕಲಿಕೆಗೂ ಕಾನೂನೇ ಗಂಟು ಹಾಕಿದೆ ಎಂಬ ಮಟ್ಟಿಗೆ ಇದು ಮುಖ್ಯ.

ಆದರೆ 240 ದಿನ ಎಂದು ತೋರಿಸಲು ಹಾಜರಿ ಪುಸ್ತಕ ಬೇಕು. ತೆಗೆದರು ಎಂದು ತೋರಿಸಲು ಯಾವತ್ತು ಎಂಬ ಉತ್ತರ ಬೇಕು. ಮನೆಯ ಹಿತ್ತಲಿನ ಚರಕದಲ್ಲಿ ಇವೆರಡೂ ಇರುವುದಿಲ್ಲ. ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ಕತೆಯೂ ಅದೇ. 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, ಕೆಲಸ ಹೋದ ವಿಮಾದಾರರಿಗೆ 90 ದಿನದವರೆಗೆ ವೇತನದ ಒಂದು ಭಾಗ ಕೊಡುತ್ತದೆ; 2020ರಲ್ಲಿ ಆ ಭಾಗವನ್ನು ಶೇ 25ರಿಂದ ಶೇ 50ಕ್ಕೆ ಏರಿಸಿದರು. ಹತ್ತು ಮಂದಿ ಇರುವ ಘಟಕಕ್ಕೆ ಇಎಸ್‌ಐ ಅನ್ವಯ. ಚರಕದ ಮನೆಯಲ್ಲಿ ನಾಲ್ವರೋ ಐವರೋ.

ಗೌರಿಬಿದನೂರಿನ ಗಾರ್ಮೆಂಟ್ಸ್ ಕೆಲಸಗಾರರ ಸ್ಥಿತಿ ಈ ವಿಷಯದಲ್ಲಿ ಉತ್ತಮ. ಅವರಿಗೆ ಗುರುತಿನ ಚೀಟಿ ಇದೆ, ಪಿಎಫ್ ಸಂಖ್ಯೆ ಇದೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಸಿದ್ಧ ಉಡುಪಿನ ಕಾರ್ಖಾನೆ 1,200ಕ್ಕೂ ಹೆಚ್ಚು ಮಂದಿಯನ್ನು ಕೈಬಿಟ್ಟಾಗ, ಆ ಹೆಣ್ಣುಮಕ್ಕಳು ವಾರಗಟ್ಟಲೆ ಗೇಟಿನ ಮುಂದೆ ಕೂತರು. ಕೂರಲು ಒಂದು ಗೇಟಾದರೂ ಇತ್ತು, ಎದುರಿಗೆ ಒಂದು ಹೆಸರಿತ್ತು. ಚರಕದಿಂದ ಎದ್ದವರು ಯಾರ ಮನೆಯ ಮುಂದೆ ಕೂರಬೇಕು? ಮಾಲೀಕ ಪಕ್ಕದ ಗಲ್ಲಿಯವನು, ಅನೇಕ ಸಲ ದೂರದ ನೆಂಟ, ಅವನ ಸ್ಥಿತಿಯೂ ಅಷ್ಟಕ್ಕಷ್ಟೇ. ಇಲ್ಲಿ ಮಾಲೀಕನೂ ಕೂಲಿಯೂ ಒಂದೇ ಬಜೆಟ್ಟಿನ ಏಟು ತಿಂದವರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವೆ ಶೇ 10ಕ್ಕೆ ಇಳಿದದ್ದು 2021ರಲ್ಲಿ ಮತ್ತೆ 15ಕ್ಕೆ ಬಂತು. ಸುಂಕದ ಅಂಕಿ ಒಂದು ಸಾಲಿನಲ್ಲಿ ಹಿಂದಕ್ಕೆ ಬರುತ್ತದೆ, ಆರಿದ ಒಲೆ ಹಾಗೆ ಬರುವುದಿಲ್ಲ. ಚರಕ ಮಾರಿದವನು ಮತ್ತೆ ಕೊಳ್ಳುವುದಿಲ್ಲ, ಗಾರೆ ಕೆಲಸಕ್ಕೆ ಹೋದ ಹುಡುಗ ಮತ್ತೆ ಬಿಸಿನೀರಿಗೆ ಕೈಯಿಡುವುದಿಲ್ಲ.

ಹಿಂದೆ ಬಿಟ್ಟ ಶಾಲೆ

ಈಗ ರಾಟೆ ತಿರುಗಿಸಿದ ಮಕ್ಕಳ ವಿಷಯ. ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಜೀತಪದ್ಧತಿಯನ್ನು 1976ರ ಕಾಯ್ದೆ ನಿಷೇಧಿಸಿತು. ಬಾಲಕಾರ್ಮಿಕ ಕಾಯ್ದೆ 1986ರದು. ಆದರೂ 1996ರಲ್ಲಿ, ಮತ್ತೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿಗಳು ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತ ನಡೆಯುತ್ತಿದ್ದುದನ್ನು ದಾಖಲಿಸಿದವು. ಕರ್ನಾಟಕದ ನೂಲು ಬಿಚ್ಚಾಣಿಕೆ ಅದರಲ್ಲಿ ಪ್ರಮುಖ. ಪದ್ಧತಿಯ ಒಳಗುಟ್ಟು ಸರಳ. ಮದುವೆಗೋ ಕಾಯಿಲೆಗೋ ತಂದೆ ತಾಯಿ ರೀಲರ್‌ನಿಂದ ಅಡ್ವಾನ್ಸ್ ತೆಗೆದುಕೊಳ್ಳುತ್ತಾರೆ, ಅದು ತೀರುವ ತನಕ ಮಗು ಅಲ್ಲಿ ದುಡಿಯುತ್ತದೆ. ಕೂಲಿ ಕಡಿಮೆ, ಆದ್ದರಿಂದ ಅಡ್ವಾನ್ಸ್ ತೀರುವುದಿಲ್ಲ. ಬೇರೆ ಕಡೆ ಹೋಗಬೇಕಾದರೆ ಹೊಸ ಮಾಲೀಕ ಹಳೆಯ ಅಡ್ವಾನ್ಸ್ ಕಟ್ಟಿ ಬಿಡಿಸಿಕೊಳ್ಳಬೇಕು. ಆಗ ಕೆಲಸ ಬಿಡಲಾಗದ ಕಷ್ಟ, ಈಗ ಕೆಲಸ ಸಿಗದ ಕಷ್ಟ.

ಸರ್ಕಾರದ ದಾಳಿಗಳು, ಸ್ವಯಂಸೇವಾ ಸಂಸ್ಥೆಗಳ ಒತ್ತಡ, ಮೋಟಾರು ಎಲ್ಲ ಸೇರಿ ಮಕ್ಕಳ ಆ ದುಡಿಮೆ ಬಹುಮಟ್ಟಿಗೆ ಕರಗಿತು. ನಾವು ಅದನ್ನು ಗೆಲುವಿನ ಖಾತೆಗೆ ಬರೆದುಕೊಂಡು ಕಡತ ಮುಚ್ಚಿದೆವು. ಆ ಮಕ್ಕಳಿಗೆ ವಯಸ್ಸಾಯಿತು ಎಂಬುದನ್ನು ಮರೆತೆವು. 1996ರಲ್ಲಿ ಹತ್ತು ವರ್ಷವಿದ್ದ ಮಗುವಿಗೆ 2026ರಲ್ಲಿ ನಲವತ್ತು. ಮೂರನೆಯ ತರಗತಿಗೆ ಶಾಲೆ ಬಿಟ್ಟವನು ಚರಕದಲ್ಲೇ ಬೆಳೆದ, ರಾಟೆಯಿಂದ ಬಾಣಲೆಗೆ ಬಡ್ತಿ ಪಡೆದ, ಒಳ್ಳೆಯ ಕೈ ಎನಿಸಿಕೊಂಡ, ಈಗ ಅದೂ ಇಲ್ಲ. ಅವನು ತರಬೇತಿ ಕೇಂದ್ರದ ಮೇಜಿನ ಮುಂದೆ ನಿಂತಾಗ ಕೇಳುವ ಮೊದಲ ಕಾಗದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಹಿಂದೆ ಈ ಉದ್ಯಮ ಅವನಿಂದ ಯಾವುದನ್ನು ಕಿತ್ತುಕೊಂಡಿತೋ ಅದನ್ನೇ ಇವತ್ತು ತಂದು ತೋರಿಸು ಎನ್ನುತ್ತಾರೆ.

ವಯಸ್ಸಿನ ಮಿತಿ ಇದರ ಜೊತೆ ಸೇರುತ್ತದೆ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳ ಮೂಲ ಮಾದರಿ ನಮ್ಮದೇ ರಾಜ್ಯದ್ದು. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕಿನ ಸಹಯೋಗದಲ್ಲಿ ಶುರುವಾದ ರುಡ್‌ಸೆಟ್ ಅದು. ಊಟ, ವಸತಿ, ಪಾಠ ಎಲ್ಲ ಉಚಿತ. ಮೊಬೈಲ್ ರಿಪೇರಿ, ಹೈನುಗಾರಿಕೆ, ಹೊಲಿಗೆಯಂಥ ಕಸುಬುಗಳಲ್ಲಿ ಅದರ ಕೆಲಸ ಗಟ್ಟಿಯಾದದ್ದು. ಆದರೆ ಪ್ರವೇಶ 18ರಿಂದ 45 ವರ್ಷದವರಿಗೆ, ಅದೂ ಗ್ರಾಮೀಣರಿಗೆ ಆದ್ಯತೆ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಪೇಟೆಯ ಕಸುಬು. 2011ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ 51 ಸಾವಿರ ದಾಟಿತ್ತು, ಆಡಳಿತ ನಗರಸಭೆಯದು. ಹಾಗಾಗಿ ಗ್ರಾಮೀಣ ಉದ್ಯೋಗ ಖಾತರಿಯ ಜಾಬ್ ಕಾರ್ಡೂ ಇವರಿಗಿಲ್ಲ. ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದವನಿಗೆ ಬರಗಾಲದಲ್ಲಿ ಕೆರೆ ಹೂಳೆತ್ತುವ ಕೂಲಿಯಾದರೂ ಉಂಟು, ಅವನ ಗೂಡು ಬಿಚ್ಚಿದವನಿಗೆ ಅದೂ ಇಲ್ಲ.

ಬಾಗಿಲುಗಳು ಮತ್ತು ಹೊಸ್ತಿಲುಗಳು

ಯೋಜನೆಗಳು ಕಡಿಮೆಯಿಲ್ಲ. ಅರ್ಹತಾ ನಿಯಮಗಳನ್ನು ಒಂದೊಂದಾಗಿ ಈ ಕೆಲಸಗಾರನ ಮೇಲಿಟ್ಟು ನೋಡಿದರೆ ಎಲ್ಲಿ ತಗಲುತ್ತದೆ ಎಂದು ತಿಳಿಯುತ್ತದೆ.

ರಾಜ್ಯದ ಯುವನಿಧಿ 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಓದು ಮುಗಿಸಿ 180 ದಿನ ಕೆಲಸ ಸಿಗದಿದ್ದವರಿಗೆ ಇದು. ಅಂದರೆ ಕೆಲಸ ಇನ್ನೂ ಸಿಗದವರ ನಿರುದ್ಯೋಗವನ್ನು ರಾಜ್ಯ ಗುರುತಿಸುತ್ತದೆ, ಇದ್ದ ಕೆಲಸ ಕಳೆದುಕೊಂಡವರದನ್ನು ಗುರುತಿಸುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಹೆಚ್ಚು ಹತ್ತಿರಕ್ಕೆ ಬರುತ್ತದೆ. ಕೈಕಸುಬಿನವರಿಗೇ ಮಾಡಿದ್ದು; ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿಯವರೆಗೆ, ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 5. ಕಲಿಯುವ ದಿನಕ್ಕೂ ಕೂಲಿ ಕೊಡಬೇಕು ಎಂಬ ವಿವೇಕ ಈ ಯೋಜನೆಗಿದೆ. ಪಟ್ಟಿಯಲ್ಲಿ 18 ಕಸುಬುಗಳಿವೆ: ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ, ಅಗಸ, ಹೂ ಕಟ್ಟುವವರು, ದೋಣಿ ಮಾಡುವವರು, ಮೀನುಬಲೆ ಹೆಣೆಯುವವರು ಎಲ್ಲ ಇದ್ದಾರೆ. ರೇಷ್ಮೆ ನೂಲು ಬಿಚ್ಚುವವರು ಇಲ್ಲ. ಶಾಶ್ವತ ನದಿಯೇ ಇಲ್ಲದ ಜಿಲ್ಲೆಯಲ್ಲಿ ದೋಣಿ ಮಾಡುವವರಿಗೆ ಅವಕಾಶವಿದೆ. ಹಾಗಾಗಿ ಅರ್ಜಿ ಹಾಕಬಯಸುವ ರೀಲಿಂಗ್ ಹೆಂಗಸು ದರ್ಜಿ ಎಂದೋ ಹೂ ಕಟ್ಟುವವಳೆಂದೋ ಬರೆಸಬೇಕು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯನ್ನು ನೆನೆದರೆ ಎರಡನೆಯದು ಪೂರ್ತಿ ಸುಳ್ಳೂ ಆಗಲಾರದು. ಆದರೆ ಇಪ್ಪತ್ತು ವರ್ಷ ಬಲ್ಲ ಕಸುಬನ್ನು ಮುಚ್ಚಿಟ್ಟು, ಅರೆಬರೆ ಬಲ್ಲದ್ದನ್ನು ತನ್ನದೆಂದು ಬರೆಸಬೇಕಾದ ಸ್ಥಿತಿ ಅದು.

ಸ್ವಂತ ಘಟಕ ಹೂಡುವವರಿಗಾಗಿ ಇರುವ ಪಿಎಂಇಜಿಪಿಯ ನಿಯಮ ಇದಕ್ಕಿಂತ ಉದಾರ. ತಯಾರಿಕಾ ಘಟಕದ ವೆಚ್ಚ ಹತ್ತು ಲಕ್ಷ ದಾಟಿದರೆ ಮಾತ್ರ ಎಂಟನೆಯ ತರಗತಿ ಕೇಳುತ್ತಾರೆ, ಅದರೊಳಗೆ ಓದಿನ ಷರತ್ತಿಲ್ಲ. ಆದರೆ ಅದು ಸಾಲ. ಕೈ ಸುಟ್ಟುಕೊಂಡವರು ಬ್ಯಾಂಕಿನ ಮೆಟ್ಟಿಲು ಹತ್ತುವುದು ಕಡಿಮೆ. ಮನೆಬಾಗಿಲಿಗೆ ಬರುವ ಕಿರುಸಾಲದ ಕಂತು ಕಟ್ಟುವುದರಲ್ಲೇ ವಾರ ಕಳೆಯುವ ಮನೆಗಳಲ್ಲಿ ಇನ್ನೂ ಕಡಿಮೆ. ಒಂದು ತಿಂಗಳ ಉಚಿತ ತರಬೇತಿಗೆ ಕೂತರೆ ಆ ತಿಂಗಳ ಕೂಲಿ ಹೋಗುತ್ತದೆ, ವಾರದ ಕಂತು ನಿಲ್ಲುವುದಿಲ್ಲ. ಬೆಳಿಗ್ಗೆ ಸರ್ಕಲ್ಲಿನಲ್ಲಿ ನಿಂತರೆ ಸಂಜೆಗೆ ಗಾರೆ ಕೆಲಸದ ಕೂಲಿ ಕೈಗೆ ಸಿಗುತ್ತದೆ. ಇವರು ಕಲಿಯಲು ಬರುವುದಿಲ್ಲ ಎಂದು ಗೊಣಗುವ ಅಧಿಕಾರಿಗಳು ಈ ಲೆಕ್ಕ ಬಿಡಿಸಿದರೆ ಉತ್ತರ ಸಿಕ್ಕೀತು.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಗಳಲ್ಲಿ ಕೇಳುವುದು ಹೆಚ್ಚಾಗಿ ದಖನಿ ಉರ್ದು. ಚಿಂತಾಮಣಿ, ಗೌರಿಬಿದನೂರು ಕಡೆಯ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಕಚೇರಿಯ ಮಾತು ಕನ್ನಡ. ಸಂತೆಯಲ್ಲಿ ಮೂರೂ ಭಾಷೆ ಸಲೀಸಾಗಿ ಓಡಾಡುತ್ತವೆ. ತರಬೇತಿಯ ಕೈಪಿಡಿ ಇಂಗ್ಲಿಷಿನಿಂದ ಅನುವಾದವಾದ ಕನ್ನಡದಲ್ಲಿರುತ್ತದೆ, ಅದನ್ನು ಓದಿ ಅರ್ಥಮಾಡಿಕೊಳ್ಳಲು ನನಗೂ ಕಷ್ಟ.

ಬಸ್ಸು ಹೋಗುವಷ್ಟು ದೂರ

ಕೆಲಸ ಹುಡುಕುವುದು ಎಂದರೆ ಇಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕುವುದಲ್ಲ. ಭಾವಮೈದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್‌ಗೆ ಪರಿಚಯ, ಪಕ್ಕದ ಮನೆಯ ಅಕ್ಕ ಗೌರಿಬಿದನೂರಿನ ಕಾರ್ಖಾನೆಗೆ ಹೋಗುತ್ತಾಳೆ, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹಮಾಲರು ಬೇಕಂತೆ. ನಂಟಿನ ದಾರಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹುಡುಕಾಟ. ಅದರ ಜೊತೆಗೆ ಬಸ್ಸು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ.

ಈ ಎರಡನೆಯ ಗಡಿಯನ್ನು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡಲು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹಿಗ್ಗಿಸಿತು. ಕೌಶಲ ಇಲಾಖೆಯ ಯಾವ ಕಡತದಲ್ಲೂ ಇದರ ಹೆಸರಿಲ್ಲ, ಆದರೂ ಕೆಲಸ ಕಳೆದುಕೊಂಡ ಹೆಂಗಸಿಗೆ ಇದು ಮಾಡಿದ ಉಪಕಾರವನ್ನು ಅನೇಕ ತರಬೇತಿ ಕೇಂದ್ರಗಳು ಮಾಡಿಲ್ಲ. ಎರಡು ಕಡೆ ಕೇಳಿ ನೋಡಿ, ಆಗದಿದ್ದರೆ ಸಂಜೆ ವಾಪಸಾಗುವ ಸ್ವಾತಂತ್ರ್ಯ ಹಿಂದೆ ಬಸ್ ಚಾರ್ಜಿನ ಲೆಕ್ಕದಲ್ಲೇ ಮುಗಿದುಹೋಗುತ್ತಿತ್ತು. ಅದರ ಮಿತಿಯೂ ಇದೆ. ಈ ಭಾಗದಲ್ಲಿ ಖಾಸಗಿ ಬಸ್ಸುಗಳ ಓಡಾಟ ಹೆಚ್ಚು, ಅವಕ್ಕೆ ಯೋಜನೆ ಅನ್ವಯಿಸದು. ಗೌರಿಬಿದನೂರಿಗೆ ಆಂಧ್ರದ ಹಿಂದೂಪುರ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಅಲ್ಲಿಯೂ ಗೂಡಿನ ಮಾರುಕಟ್ಟೆ ಇದೆ. ಆದರೆ ಶಕ್ತಿ ರಾಜ್ಯದೊಳಗಿನ ಪ್ರಯಾಣಕ್ಕೆ ಮಾಡಿದ ಯೋಜನೆ. ಕೂಲಿಯ ನಕ್ಷೆಯಲ್ಲಿ ಆ ಗಡಿ ಇಲ್ಲ.

ಬಸ್ಸಿನ ಇನ್ನೊಂದು ತುದಿಯಲ್ಲಿ ಏನಿದೆ? ದೇವನಹಳ್ಳಿ ಸಮೀಪದ ಐಫೋನ್ ಜೋಡಣೆಯ ಘಟಕ 2025ರಲ್ಲಿ ಉತ್ಪಾದನೆ ಆರಂಭಿಸಿತು. ಸೂಕ್ಷ್ಮವಾದ ಬೆರಳು, ದಣಿಯದ ಕಣ್ಣು ಬೇಡುವ ಕೆಲಸ. ನೂಲು ಬಿಚ್ಚಿದವರಲ್ಲಿ ಅವೆರಡೂ ಇವೆ. ಆದರೆ ಅಲ್ಲಿ ಸೇರುತ್ತಿರುವವರು ಹೆಚ್ಚಾಗಿ ಓದು ಮುಗಿಸಿ ಮೊದಲ ಕೆಲಸಕ್ಕೆ ಬಂದ ಯುವತಿಯರು. ರೀಲಿಂಗ್ ಮನೆಯ ಮಗಳಿಗೆ ಆ ಬಾಗಿಲು ತೆರೆಯಬಹುದು, ತಾಯಿಗೆ ತೆರೆಯದು. ತಾಯಿಗೆ ಸಿಗುವುದು ಗಾರ್ಮೆಂಟ್ಸಿನ ಹೆಲ್ಪರ್ ಕೆಲಸ: ದಾರ ಕತ್ತರಿಸುವುದು, ಬಂಡಲ್ ಕಟ್ಟುವುದು. ನಲವತ್ತು ದಾಟಿದವಳನ್ನು ಮಿಷಿನ್ನಿಗೆ ಕೂರಿಸಲು ಹಿಂದೆಮುಂದೆ ನೋಡುತ್ತಾರೆ, ಗಂಟೆಯ ಟಾರ್ಗೆಟ್ ಮುಟ್ಟುವುದಿಲ್ಲ ಎಂದು. ಆ ಕೆಲಸವೂ ದೂರದ ಸುಂಕಕ್ಕೆ ಕಟ್ಟುಬಿದ್ದದ್ದೇ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರಷ್ಟು ಸುಂಕ ಹೇರಿದಾಗ ಸಿದ್ಧ ಉಡುಪಿನ ರಫ್ತುದಾರರು ಆತಂಕಗೊಂಡರು. ದೆಹಲಿಯ ಬಜೆಟ್ಟಿನಿಂದ ತಪ್ಪಿಸಿಕೊಂಡು ಬಂದವಳು ವಾಷಿಂಗ್ಟನ್ನಿನ ಆದೇಶದ ಕೆಳಗೆ ಕೂತಂತಾಯಿತು.

ಊರಲ್ಲೇ ಇರುವ ಸಂಸ್ಥೆಗಳ ಕಡೆಗೆ ಒಮ್ಮೆ ತಿರುಗಬೇಕು. ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನಲ್ಲಿ 1983ರಲ್ಲಿ ಸ್ಥಾಪನೆಯಾದ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಬಿಚ್ಚಾಣಿಕೆಯ ಯಂತ್ರಗಳ ಮೇಲೇ ಕೆಲಸ ಮಾಡುತ್ತದೆ. ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆ ಶುರುವಾದದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ವಿದ್ಯೆಗೆ ಇಲ್ಲಿ ಬರವಿಲ್ಲ ಎಂದಾಯಿತು. ಆದರೆ ಈ ಸಂಸ್ಥೆಗಳ ಹೆಚ್ಚಿನ ಗಮನ ಹಿಪ್ಪುನೇರಳೆಯಿಂದ ಗೂಡಿನವರೆಗೆ, ರೈತನವರೆಗೆ. ಗೂಡಿನಿಂದ ನೂಲಿನ ಕಡೆಗೆ ಬಂದಾಗ ಯಂತ್ರದವರೆಗೆ. ಯಂತ್ರ ಮತ್ತು ರೈತನ ನಡುವೆ ಕೂತಿರುವ ಕೂಲಿಯವರು ಯಾರ ಪಠ್ಯಕ್ರಮದಲ್ಲೂ ಪೂರ್ತಿಯಾಗಿ ಬರುವುದಿಲ್ಲ. ಚಿಂತಾಮಣಿಯ ಕಾಲೇಜಿನ ಬಾಗಿಲು ಪಿಯುಸಿ ವಿಜ್ಞಾನ. ಬಿಚ್ಚಾಣಿಕೆಯಲ್ಲಿ ಮೂವತ್ತು ವರ್ಷ ಕಳೆದವನನ್ನು ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರಿಸುವುದು ಬೇಡ, ಪ್ರಾತ್ಯಕ್ಷಿಕೆ ತೋರಿಸುವ ಗುರುವಾಗಿ ಕರೆಯಬಹುದಿತ್ತು.

ಪ್ರಮಾಣದ ಪ್ರಶ್ನೆ

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವಕಲಿಕೆಯ ಮಾನ್ಯತೆ ಎಂಬ ಭಾಗವಿದೆ. ಶಾಲೆಯಲ್ಲಿ ಕಲಿಯದೆ ದುಡಿಮೆಯಲ್ಲಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಅದು; ವಯಸ್ಸಿನ ಮಿತಿಯೂ ಇತರ ತರಬೇತಿಗಿಂತ ಸಡಿಲ. 2017ರಲ್ಲಿ ಜವಳಿ ಸಚಿವಾಲಯ ಮಂಜೂರು ಮಾಡಿಸಿಕೊಂಡ ಸಮರ್ಥ್ ಯೋಜನೆ ಕೈಮಗ್ಗ, ಕರಕುಶಲದ ಜೊತೆ ರೇಷ್ಮೆಯನ್ನೂ ಒಳಗೊಂಡಿದೆ. ಹಾಗಾಗಿ ದಾರಿ ಇಲ್ಲವೆಂದಲ್ಲ. ಪೂರ್ವಕಲಿಕೆಯ ಮಾನ್ಯತೆಯ ಮೇಲೆ ಇರುವ ದೂರು, ಅದು ಎರಡು ದಿನದ ಪರಿಚಯ ಪಾಠ ಮತ್ತು ಬಾಯಿಮಾತಿನ ಪರೀಕ್ಷೆಯಲ್ಲಿ ಮುಗಿದು, ಕೈಗೆ ಬಂದ ಕಾಗದಕ್ಕೆ ಮಾಲೀಕರಲ್ಲಿ ಬೆಲೆ ಇರುವುದಿಲ್ಲ ಎಂಬುದು. ಗಾರೆ ಕೆಲಸದಂಥ ಕಸುಬುಗಳಲ್ಲಿ ಈ ದೂರಿಗೆ ಉತ್ತರಿಸುವುದು ಕಷ್ಟ, ಗೋಡೆ ಚೆನ್ನಾಗಿದೆಯೇ ಎಂದು ತಿಳಿಯಲು ಎರಡು ಮಳೆಗಾಲ ಬೇಕು.

ನೂಲು ಬಿಚ್ಚಾಣಿಕೆಗೆ ಆ ತೊಡಕಿಲ್ಲ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ರೇಷ್ಮೆ ಪರೀಕ್ಷಾ ಕೋಣೆಗಳಲ್ಲಿ ಅಷ್ಟುದ್ದ ಸುತ್ತುವುದಿಲ್ಲ, ಅದರ ಇಪ್ಪತ್ತನೆಯ ಒಂದು ಭಾಗ, 450 ಮೀಟರಿನ ಸಣ್ಣ ಲಡಿ ತೆಗೆಯುತ್ತಾರೆ. 20 ಡೆನಿಯರ್ ನೂಲಾದರೆ ಆ ಲಡಿ ಸರಿಯಾಗಿ ಒಂದು ಗ್ರಾಂ, 22 ಆದರೆ 1.1 ಗ್ರಾಂ. ಶಾಲೆಗೆ ಹೋಗದ ನಲವತ್ತು ವರ್ಷದ ಹೆಂಗಸೊಬ್ಬಳನ್ನು ಒಂದು ಬೇಸಿನ್ನಿನ ಮುಂದೆ ಕೂರಿಸಿ, ಒಂದು ಬುಟ್ಟಿ ಗೂಡು ಕೊಟ್ಟು, ಅರ್ಧ ದಿನ ಬಿಡಬೇಕು. ಬೇರೆ ಬೇರೆ ಗಂಟೆಯಲ್ಲಿ ಅವಳು ಎಳೆದ ನೂಲಿನಿಂದ ಹತ್ತು ಲಡಿ ತೆಗೆದು ತಕ್ಕಡಿಗೆ ಹಾಕಬೇಕು. ಹತ್ತೂ ಲಡಿ ಒಂದು ಗ್ರಾಮಿಗೂ 1.1 ಗ್ರಾಮಿಗೂ ನಡುವೆ ನಿಂತರೆ ಅವಳ ಪರೀಕ್ಷೆ ಮುಗಿಯಿತು. ತಕ್ಕಡಿಯ ಅಂಕಿಯನ್ನು ಬರೆದುಕೊಳ್ಳಲು ಒಬ್ಬ ಗುಮಾಸ್ತ ಬೇಕು, ಆ ಅಂಕಿಯ ಪಕ್ಕದಲ್ಲಿ ಮಾಲೀಕನದಲ್ಲದ ಒಂದು ಹೆಸರು ಬೇಕು.